ಮಂಗಳಮ್ಮನ ಬಾಯಲ್ಲಿ 'ಬೇಡ' ಇರಲಿಲ್ಲ

ನಂಜನಗೂಡಿನ ಅಗ್ರಹಾರದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತ ಸುಬ್ಬನರಸಯ್ಯನ ಮನೆ ಯಾವುದೆಂದು ಹೊಸಬರು ಕೇಳಿದರೆ ಯಾರೂ ಕೈ ತೋರಿಸುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಬೀದಿಯ ತುದಿಯಲ್ಲಿ ನಿಂತು ಒಂದು ಗಳಿಗೆ ಕಿವಿಗೊಡಿ ಎನ್ನುತ್ತಿದ್ದರು. "ಮುಟ್ಬೇಡ! ಓಡ್ಬೇಡ! ಹತ್ಬೇಡ! ಅಯ್ಯೋ, ಚೆಲ್ಬೇಡ್ವೇ!" ಎಂಬ ಕೂಗು ಯಾವ ಬಾಗಿಲಿನಿಂದ ಬರುತ್ತಿತ್ತೋ ಅದೇ ಸುಬ್ಬನರಸಯ್ಯನ ಮನೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಶುರುವಾದ ಈ ಪಾರಾಯಣ ದೀಪ ಹಚ್ಚುವವರೆಗೆ ನಿಲ್ಲುತ್ತಿರಲಿಲ್ಲ.

ಕೂಗುತ್ತಿದ್ದವಳು ಸುಬ್ಬನರಸಯ್ಯನ ಹೆಂಡತಿ ವೆಂಕಟಲಕ್ಷ್ಮಿ. ಪಾಪ, ಅವಳನ್ನೂ ಪೂರ್ತಿ ಬೈಯುವ ಹಾಗಿಲ್ಲ. ಇಪ್ಪತ್ತಮೂರು ವರ್ಷದ ಹೆಂಗಸು, ಹೆತ್ತ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಮಣ್ಣಾಗಿದ್ದವು. ಮೂರನೆಯದು ಪುಟ್ಟಲಕ್ಷ್ಮಿ, ಅದೊಂದು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಕಾಲು ಬಂದ ದಿನದಿಂದ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಂಡಿತು. ಬಾವಿಯ ಕಡೆ ಓಡಿದರೆ ತಾಯಿಯ ಎದೆ ಧಸಕ್ಕೆನ್ನುತ್ತಿತ್ತು, ಒಲೆಯ ಕಡೆ ತೆವಳಿದರೆ ಧಸಕ್ಕೆನ್ನುತ್ತಿತ್ತು, ಧಸಕ್ಕೆಂದಾಗಲೆಲ್ಲ ಬಾಯಿಂದ ಒಂದು 'ಬೇಡ' ಹೊರಡುತ್ತಿತ್ತು. ಹಿಂದೆಯೇ ಬೆನ್ನಿಗೊಂದು ಗುದ್ದು.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು. ಸುಬ್ಬನರಸಯ್ಯನ ತಂಗಿ ಮಂಗಳಮ್ಮ. ಎಂಟು ವರ್ಷಕ್ಕೆ ತಿರುಮಕೂಡಲಿನ ಮನೆಗೆ ಕೊಟ್ಟರು, ಹನ್ನೊಂದಕ್ಕೆ ಗಂಡ ಜ್ವರದಲ್ಲಿ ಹೋದ. ಅವನ ಮುಖ ಹೇಗಿತ್ತೆಂದು ಕೇಳಿದರೆ ಅವಳಿಗೆ ಕಿವಿಯ ಒಂಟಿಯ ಹೊರತು ಮತ್ತೇನೂ ನೆನಪಿರಲಿಲ್ಲ. ಮೈನೆರೆದ ಮೇಲೆ ಅದೇ ಮನೆಯ ಹಿತ್ತಲಿನಲ್ಲಿ ಕೂರಿಸಿ ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು, ಕೊಟ್ಟಿಗೆಯ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಒಂದು ವರ್ಷ ಇಟ್ಟುಕೊಂಡರು. ಆಮೇಲೆ ಬೆಳಿಗ್ಗೆ ಎದ್ದರೆ ಇವಳ ಮುಖ ನೋಡಬೇಕಾಗುತ್ತದೆಂದು ಹೇಳಿ ಒಂದು ತಗಡಿನ ಪೆಟ್ಟಿಗೆಯೊಡನೆ ತವರಿಗೆ ಅಟ್ಟಿದರು. ಮಂಗಳಮ್ಮ ಎಂದು ಹೆಸರಿಟ್ಟುಕೊಂಡು ಶುಭಕಾರ್ಯದ ದಿನ ಕೋಣೆಯೊಳಗೆ ಅಡಗಿ ಕೂರುವ ಯೋಗ ನೋಡಿ!

ಈಗ ಅವಳಿಗೆ ಮೂವತ್ತನಾಲ್ಕು. ತವರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಜಗಲಿಗೆ ಬರಬೇಡ, ಗಂಡಸರ ಮುಂದೆ ನಿಲ್ಲಬೇಡ, ಜೋರಾಗಿ ನಗಬೇಡ, ಹೂವು ಮುಟ್ಟಬೇಡ, ಯಾರಾದರೂ ಊರಿಗೆ ಹೊರಟಾಗ ಎದುರಿಗೆ ಸುಳಿಯಬೇಡ. ಈ ಇಪ್ಪತ್ತು ವರ್ಷದಲ್ಲಿ ಅವಳು ಕೇಳಿದ್ದೆಲ್ಲ ಇದೇ. ಹಾಗಾಗಿ ಆ ಮಾತು ಮನುಷ್ಯರನ್ನು ಏನು ಮಾಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಇರಬೇಡ ಎನ್ನುತ್ತಾರೆ, ಸರಿ. ಮತ್ತೆಲ್ಲಿ ಇರಲಿ ಎಂದರೆ ಯಾರೂ ಹೇಳುವುದಿಲ್ಲ. ಕೈ ಅಲ್ಲಿ ಇಡಬೇಡ ಎನ್ನುತ್ತಾರೆ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಇಪ್ಪತ್ತು ವರ್ಷ ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಓಡಾಡಿದ್ದಳು.

ಪುಟ್ಟಲಕ್ಷ್ಮಿಗೆ ಮೂರು ತುಂಬಿದ ಪುಷ್ಯಮಾಸದಲ್ಲಿ ಒಂದು ದಿನ ಹೀಗಾಯಿತು. ಮಂಗಳಮ್ಮ ಬೆಳಗಿನ ಚಳಿಯಲ್ಲಿ ತಣ್ಣೀರು ಸುರಿದುಕೊಂಡು, ಮಡಿ ಉಟ್ಟು ಅಡುಗೆಗೆ ನಿಂತಿದ್ದಳು. ಮೈಲಿಗೆ ಬಟ್ಟೆಯವರು ಮುಟ್ಟಿದರೆ ಮಡಿ ಹೋಯಿತು, ಮತ್ತೆ ಸ್ನಾನ. ಮಗುವಿಗೆ ಅದೆಲ್ಲ ಎಲ್ಲಿ ಗೊತ್ತು? ಅತ್ತೆಯನ್ನು ಕಂಡರೆ ಓಡಿಬಂದು ಕಾಲು ತಬ್ಬುವುದೊಂದೇ ಅದಕ್ಕೆ ಗೊತ್ತು. ವೆಂಕಟಲಕ್ಷ್ಮಿ ನಡುಮನೆಯಿಂದ "ಮುಟ್ಬೇಡ್ವೇ, ಮಡೀಲಿದಾರೆ!" ಎಂದು ಕಿರುಚಿದಳು. ಮಗು ಬೆದರಿ ಇನ್ನೂ ಜೋರಾಗಿ ಓಡಿಬಂದು ಅತ್ತೆಯನ್ನೇ ಅಪ್ಪಿತು. ಮಂಗಳಮ್ಮ ಬಚ್ಚಲಿಗೆ ಹೋದಳು. ಬಂದಳು. ಮತ್ತೆ ಕಿರುಚಾಟ, ಮತ್ತೆ ಅಪ್ಪುಗೆ. ಮೂರನೆಯ ಸ್ನಾನ ಮುಗಿಸುವ ಹೊತ್ತಿಗೆ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ನಡುಮನೆಯಲ್ಲಿ ಮಗುವಿಗೆ ಬಿದ್ದ ಏಟಿನ ಸದ್ದು ಬಚ್ಚಲಿಗೂ ಕೇಳಿಸಿತು.

ಅವಳಿಗೆ ಸಿಟ್ಟು ಬಂತು. ಮಗುವಿನ ಮೇಲಲ್ಲ. ಇದಕ್ಕೆ ದೂರ ಇರು ಎನ್ನುತ್ತೇವೆ, ಹತ್ತಿರ ಬರಲು ದಾರಿಯೇನೆಂದು ಹೇಳುವುದೇ ಇಲ್ಲವಲ್ಲ ಎನ್ನಿಸಿತು. ದಾರಿ ಇತ್ತು. ಉಣ್ಣೆಯ ಬಟ್ಟೆಗೆ ಮೈಲಿಗೆ ಹತ್ತುವುದಿಲ್ಲ ಎಂಬುದು ಎಲ್ಲರ ಮನೆಯ ಶಾಸ್ತ್ರ. ಅಪ್ಪನ ಕಾಲದ ಹಳೆಯ ಧಾಬಳಿ, ಮಡಿಗೆಂದೇ ಇಟ್ಟ ಉಣ್ಣೆಯ ವಸ್ತ್ರ, ನುಸಿ ತಿಂದು ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ ಗಟ್ಟಿಯಾಗಿದ್ದ ಎರಡು ಮೊಳ ಹರಿದು ಮಗುವಿಗೆ ಅಳತೆಯಾಗುವಂತೆ ಅಂಚು ಹೊಲಿದು ಗೂಟಕ್ಕೆ ನೇತುಹಾಕಿದಳು.

ಮರುದಿನ ಮಗು ಓಡಿಬಂದಾಗ ಅವಳು ಹಿಂದಕ್ಕೆ ಸರಿಯಲಿಲ್ಲ. "ಪುಟ್ಟೀ, ಅಂಗಿ ಬಿಚ್ಚಿ ಅಮ್ಮನ ಕೈಲಿ ಧಾಬಳಿ ಉಡಿಸ್ಕೊಂಡು ಬಾ. ಆಮೇಲೆ ಎಷ್ಟು ಹೊತ್ತು ಬೇಕಾದ್ರೂ ನನ್ನ ತೊಡೆ ಮೇಲೆ ಕೂತ್ಕೋ" ಎಂದಳು. ಮಗು ಅರ್ಧ ದಾರಿಯಲ್ಲಿ ನಿಂತಿತು. ಗಿರಕ್ಕನೆ ತಿರುಗಿ ತಾಯಿಯ ಹತ್ತಿರ ಹೋಯಿತು. ಧಾಬಳಿ ಸುತ್ತಿಕೊಂಡು ದೊಡ್ಡ ಶ್ರೌತಿಗಳ ಗತ್ತಿನಲ್ಲಿ ಬಂದು ಕುಳಿತಾಗ ಮಂಗಳಮ್ಮನಿಗೆ ನಗು ತಡೆಯಲಾಗಲಿಲ್ಲ. ಜೋರಾಗಿಯೇ ನಕ್ಕುಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಮಡಿಯಲ್ಲಿದ್ದಾಗ ಯಾರೂ ಅವಳನ್ನು ಮುಟ್ಟಿ ಕುಳಿತಿರಲಿಲ್ಲ.

ಅಲ್ಲಿಂದ ಮುಂದೆ ಅವಳಿಗೆ ಅದೇ ಒಂದು ವ್ರತವಾಯಿತು. ಮಗುವಿನ ಎದುರು ಬೇಡವೆನ್ನುವುದಿಲ್ಲ. ಅದು ಬಾವಿಯ ಕಡೆ ನಡೆದರೆ, "ತುಳಸಿಕಟ್ಟೆ ಹತ್ತಿರ ನಿಂತ್ಕೊಂಡು ನಾನು ಎಷ್ಟು ಕೊಡ ಸೇದ್ತೀನಿ ಎಣಿಸಮ್ಮ" ಎನ್ನುವಳು. ಅವರೆಕಾಯಿ ಎರಚಾಡಿದರೆ, "ಕಾಳು ಈ ಬಟ್ಟಲಿಗೆ, ಸಿಪ್ಪೆ ಹಸೂಗೆ. ಹಸು ಕಾಯ್ತಾ ಇದೆ, ಬೇಗ" ಎನ್ನುವಳು. ಕಿರುಚಿದರೆ, "ಈಗ ನನ್ನ ಕಿವೀಲಿ ಮೆಲ್ಲಗೆ ಹೇಳು, ಗುಟ್ಟು" ಎನ್ನುವಳು. ಮಾಡಿದ ಮೇಲೆ ಸುಮ್ಮನೆ ಬಿಡುತ್ತಲೂ ಇರಲಿಲ್ಲ. "ಒಂದು ಕಾಳೂ ಕೆಳಗೆ ಬೀಳಿಸದೆ ಸುಲಿದೆಯಲ್ಲೇ, ಭಲೆ!" ಎಂದು ಕಂಡದ್ದನ್ನು ಕಂಡ ಹಾಗೆ ಹೇಳುವಳು. ಮಗುವಿನ ಮುಖ ಊರಗಲವಾಗುತ್ತಿತ್ತು.

ಯಾವಾಗಲೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಒಂದು ದಿನ ಮಗು ವರ್ಷಕ್ಕಾಗುವಷ್ಟು ಮಾವಿನಮಿಡಿ ಉಪ್ಪಿನಕಾಯಿ ಇದ್ದ ಜಾಡಿಗೆ ಒಂದು ಚೆಂಬು ನೀರು ಸುರಿಯಿತು. ಮಂಗಳಮ್ಮನ ನಾಲಗೆಯ ತುದಿಗೆ ಏನೇನೋ ಬಂತು. ಕೆಳತುಟಿ ಕಚ್ಚಿಕೊಂಡು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿಗೆ ಬೇಕಾದಷ್ಟು ಬೈದು ಬಂದಳು. ಆಮೇಲೆ, "ನೀರು ಬೇಕಾಗಿರೋದು ತುಳಸಿಗೆ. ಬಾ, ಚೆಂಬು ತಗೋ" ಎಂದಳು. ಆ ವರ್ಷ ಮನೆಯವರೆಲ್ಲ ಬೂಸಲು ವಾಸನೆಯ ಉಪ್ಪಿನಕಾಯಿ ತಿಂದರು.

ವಾರಕ್ಕೊಮ್ಮೆ ದೇವನೂರಿನಿಂದ ಬೆಣ್ಣೆ ತರುತ್ತಿದ್ದ ಕೆಂಪಾಜಮ್ಮ ಹಿತ್ತಲ ಬಾಗಿಲಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ಅಮ್ಮೋರೆ, ನಮ್ ಐಕ್ಳುಗೆ ಬೈದೂ ಬೈದೂ ನನ್ ಗಂಟ್ಲು ಇಂಗೋಗದೆ. ಈ ಮಗೀಗೆ ನೀವೇನು ಮಂತ್ರ ಆಕೀರಿ?"

"ಮಂತ್ರ ಏನೂ ಇಲ್ಲ ಕಣೇ. ಏನು ಮಾಡಬಾರದು ಅಂತ ಹೇಳೋ ಬದಲು ಏನು ಮಾಡಬೇಕು ಅಂತ ಹೇಳ್ತೀನಿ. ಅದಕ್ಕೂ ಏನಾದ್ರೂ ಮಾಡೋಕೆ ಬೇಕಲ್ವೇ?"

"ಅಷ್ಟೇಯಾ?"

"ಅಷ್ಟೇ. ಮಾಡಿದ ಮೇಲೆ ಮಾಡಿದೆ ಅಂತ ಒಂದು ಒಳ್ಳೆ ಮಾತು."

ಮುಂದಿನ ವಾರ ಕೆಂಪಾಜಮ್ಮ ಬೆಣ್ಣೆಯ ಮಡಕೆ ಇಳಿಸುವ ಮೊದಲೇ ಶುರುಮಾಡಿದಳು. "ಅಮ್ಮೋರೆ, ನಮ್ ಚಿಕ್ಕೈದ ನಮ್ಮೆಮ್ಮೆ ಕರೀನ ಬಾಲ ಇಡ್ದು ಜಗ್ತಿತ್ತು. 'ಬುಡ್ಲಾ ನಿನ್ ಕೈ ಸೇದೋಗ' ಅನ್ನಕೆ ಬಾಯಿ ತೆಗ್ದಿದ್ದೆ. ನಿಮ್ ನೆಪ್ಪಾಯ್ತು. ನುಂಗ್ಕಂಡು, 'ಕರೀಗೆ ಉಲ್ಲು ಆಕು ಓಗು ಮಗ' ಅಂದೆ. ಓಗಿ ಆಕ್ತು ಕಣ್ರವ್ವಾ! ನಮ್ಮತ್ತೆ ನನ್ ಮೊಕನೇ ನೋಡ್ತು, ಇವಳ್ಗೆ ಗಾಳಿ ಗೀಳಿ ಮೆಟ್ಕತಾ ಅಂತ."

ಮಂಗಳಮ್ಮ ಅಂದು ಇಡೀ ದಿನ ಅದನ್ನು ನೆನೆಸಿಕೊಂಡು ಹಿಗ್ಗಿದಳು. ತಾನು ಹೇಳಿದ ಒಂದು ಮಾತು ಬಾಗಿಲು ದಾಟಿ ದೇವನೂರಿನವರೆಗೆ ಹೋಗಿಬಂದಿತ್ತಲ್ಲ.

ಆದರೆ ಮನೆಯೊಳಗೆ ಇನ್ನೊಂದು ಬೇಯುತ್ತಿತ್ತು. ವೆಂಕಟಲಕ್ಷ್ಮಿ ಕರೆದರೆ ಮಗು ಬರುತ್ತಿರಲಿಲ್ಲ, ಮಂಗಳಮ್ಮ ಕಣ್ಣು ಎತ್ತಿದರೆ ಓಡಿಬರುತ್ತಿತ್ತು. ಹೆತ್ತ ಹೊಟ್ಟೆಗೆ ಇದು ಹೇಗಾಗಬೇಡ? "ನಾನು ಹೆತ್ತೋಳು. ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಈ ಮನೇಲಿ" ಎಂದು ಅವಳು ಪಾತ್ರೆ ಕುಕ್ಕುತ್ತಿದ್ದಳು. ಒಮ್ಮೆ ಮಂಗಳಮ್ಮ ಧೈರ್ಯ ಮಾಡಿ, "ಅತ್ತಿಗೆ, ಒಂದು ಸಲ ನೀವೂ ಹೀಗೆ ಹೇಳಿ ನೋಡಿ" ಎಂದಳು. "ನನಗೆ ಪಾಠ ಹೇಳೋಕೆ ಬರಬೇಡಿ. ನಿಮಗೇನು, ನೀವು ಯಾವ ಮಗೂನ ಮಣ್ಣು ಮಾಡಿದೀರಿ?" ಎಂದು ವೆಂಕಟಲಕ್ಷ್ಮಿ ಅಂದುಬಿಟ್ಟಳು. ಅಂದ ಮೇಲೆ ಅವಳೇ ಅತ್ತಳು. ಮಂಗಳಮ್ಮ ಮತ್ತೆ ಆ ಮಾತು ಎತ್ತಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ನಂಜನಗೂಡಿಗೆ ರೈಲು ಬಂದು ಆಗ ಹತ್ತು ವರ್ಷ. ರೈಲಿನ ಹಿಂದೆಯೇ ಬಂದ ಪ್ಲೇಗೂ ಊರೂರು ತಿರುಗುತ್ತಿತ್ತು. ತಿರುಮಕೂಡಲಿನಲ್ಲಿ ಆ ವರ್ಷ ಪ್ಲೇಗಿಗೆ ಹೋದವರಲ್ಲಿ ಮಂಗಳಮ್ಮನ ಓರಗಿತ್ತಿಯೂ ಒಬ್ಬಳು. ಅವಳ ಗಂಡ ಶಿವಸ್ವಾಮಿ, ಅಂದರೆ ಮಂಗಳಮ್ಮನ ಗಂಡನ ಅಣ್ಣ, ಮೂರು ತಬ್ಬಲಿ ಮಕ್ಕಳೊಡನೆ ಉಳಿದ. ಕೊನೆಯವನು ಪ್ರಹ್ಲಾದ, ಮೂರು ವರ್ಷದವನು. ಅವನ ಮುಡಿ ಕೊಡಿಸಲೆಂದು ಶಿವಸ್ವಾಮಿ ಅವನನ್ನು ಕರೆದುಕೊಂಡು ನಂಜನಗೂಡಿಗೆ ಬಂದ. ದೇವಸ್ಥಾನದ ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಸುಬ್ಬನರಸಯ್ಯನ ಮನೆಗೆ ಬಂದು ಕುಳಿತ.

ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಒಮ್ಮೆಯೂ ಇವಳು ಬದುಕಿದ್ದಾಳೋ ಸತ್ತಿದ್ದಾಳೋ ಎಂದು ಕೇಳಿದವನಲ್ಲ. ಅಂದೂ ಕೇಳಲಿಲ್ಲ. ಭಾವನ ಎದುರು ಬರುವುದು ಸಲ್ಲದೆಂದು ಮಂಗಳಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಬೋಳುತಲೆಯ ಪ್ರಹ್ಲಾದ ಪಡಸಾಲೆಯಲ್ಲಿ ಒಂದು ಗಳಿಗೆ ಕುಳಿತ, ಎರಡು ಗಳಿಗೆ ಕುಳಿತ. ಆಮೇಲೆ ಮೂಲೆಯಲ್ಲಿ ಒರೆಸಿಟ್ಟಿದ್ದ ಲಾಂದ್ರದ ಗಾಜನ್ನು ಎತ್ತಿಕೊಂಡ.

"ಲೋ, ಇಡೋ! ಒಡೀಬೇಡ್ವೋ! ಬೀಳಿಸಬೇಡ!" ಎಂದು ಶಿವಸ್ವಾಮಿ ಛತ್ರಿ ಎತ್ತಿಕೊಂಡು ಎದ್ದ. ಹುಡುಗ ಗಾಜನ್ನು ಎದೆಗೆ ಅವಚಿಕೊಂಡು ಗೋಡೆಗೆ ಒತ್ತಿ ನಿಂತ. ಛತ್ರಿ ಬಿದ್ದರೆ ಗಾಜು ಹುಡುಗನ ಎದೆಯ ಮೇಲೆಯೇ ಒಡೆಯುವಂತಿತ್ತು. ಸುಬ್ಬನರಸಯ್ಯ "ಅಯ್ಯಯ್ಯೋ" ಎಂದ, ವೆಂಕಟಲಕ್ಷ್ಮಿ "ಬೇಡ ಬೇಡ" ಎಂದಳು. ಎಲ್ಲರೂ ಕೂಗುವವರೇ.

ಮಂಗಳಮ್ಮ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆಮೇಲೆ ಅವಳು ಸಾವಿರ ಸಲ ಹಾಗೆಂದುಕೊಂಡಳು. ಒಂದು ಗಾಜು ಒಡೆಯುತ್ತಿತ್ತು, ಒಬ್ಬ ಹುಡುಗನಿಗೆ ಏಟು ಬೀಳುತ್ತಿತ್ತು, ಸಂಜೆಗೆ ಭಾವ ತನ್ನ ಊರಿಗೆ ಹೋಗುತ್ತಿದ್ದ. ಆದರೆ ಅವಳ ಕಾಲು ಅವಳನ್ನು ಕೇಳಲಿಲ್ಲ. ಹೊಸಿಲು ದಾಟಿ ಪಡಸಾಲೆಗೆ ಬಂದಳು. ಭಾವನ ಕಡೆ ಬೆನ್ನು ಮಾಡಿ ಹುಡುಗನ ಎದುರು ಕುಕ್ಕರುಗಾಲಲ್ಲಿ ಕುಳಿತಳು.

"ಮಗು, ಅದಕ್ಕೆ ನಿದ್ದೆ ಬಂದಿದೆ. ಮೆಲ್ಲಗೆ ಈ ಚಾಪೆ ಮೇಲೆ ಮಲಗಿಸು. ಹಾಂ, ಹಾಗೇ. ಈಗ ಒಂದು ಸಲ ತಟ್ಟು. ಎಷ್ಟು ನಾಜೂಕಾಗಿ ಮಲಗಿಸಿದೆಯಪ್ಪಾ!"

ಪ್ರಹ್ಲಾದ ಗಾಜನ್ನು ಮಲಗಿಸಿದ. ಒಂದು ಬೆರಳಿನಿಂದ ತಟ್ಟಿದ. ತಾಯಿ ಸತ್ತ ಮೇಲೆ ಅವನು ಯಾರ ಹತ್ತಿರವೂ ಹೋಗುತ್ತಿರಲಿಲ್ಲವಂತೆ. ಆ ಮಧ್ಯಾಹ್ನವೆಲ್ಲ ಅಡುಗೆಮನೆಯ ಹೊಸಿಲಿನಲ್ಲಿ ಪುಟ್ಟಲಕ್ಷ್ಮಿಯ ಪಕ್ಕ ಕುಳಿತು ಹುಣಸೆಬೀಜ ಆಡಿದ. ಶಿವಸ್ವಾಮಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಅದನ್ನೇ ನೋಡಿದ.

ಸಂಜೆಗೆ ಮಾತು ಬಂತು. "ಸುಬ್ಬನರಸಯ್ಯನವರೇ, ನಮ್ಮ ತಮ್ಮನ ಹೆಂಡತಿ ನಮ್ಮ ಮನೇಲಿರೋದಲ್ವೇ ಧರ್ಮ? ನೀವು ಇಷ್ಟು ವರ್ಷ ನೋಡ್ಕೊಂಡಿರಿ, ಸಂತೋಷ. ಇನ್ನು ನಮ್ಮ ಜವಾಬ್ದಾರಿ ನಾವು ಹೊರ್ತೀವಿ. ನಾಳಿದ್ದು ಬುಧವಾರ ದಿನ ಚೆನ್ನಾಗಿದೆ, ಬೆಳಿಗ್ಗೆ ಹೊರಡಿಸಿಬಿಡಿ." ಇಪ್ಪತ್ತು ವರ್ಷ ಆ ಧರ್ಮ ಯಾವ ಅಟ್ಟದ ಮೇಲೆ ಮಲಗಿತ್ತೋ, ಆ ಪುಣ್ಯಾತ್ಮನನ್ನೇ ಕೇಳಬೇಕು. ಅಡುಗೆಗೆ ಒಬ್ಬಳು, ಮಕ್ಕಳಿಗೆ ಒಬ್ಬಳು, ಎರಡೂ ಒಂದೇ ಹೊಟ್ಟೆಯ ಖರ್ಚಿನಲ್ಲಿ ಆಗುತ್ತದೆಂದು ಬಾಯಿಬಿಟ್ಟು ಹೇಳುವುದಕ್ಕೆ ಧರ್ಮ ಅಡ್ಡ ಬಂದಿರಬೇಕು.

ಸುಬ್ಬನರಸಯ್ಯ ಕೆಟ್ಟವನಲ್ಲ. ಆದರೆ ಕಚೇರಿಯಲ್ಲಿ ಅಮಲ್ದಾರರ ಮುಂದೆ ಹೇಗೋ, ಮನೆಯಲ್ಲೂ ಹಾಗೇ. ಎದುರಿಗೆ ಯಾರು ಗಟ್ಟಿಯಾಗಿ ಮಾತಾಡಿದರೂ ತಲೆ ತನಗೆ ತಾನೇ ಆಡುತ್ತಿತ್ತು. ಅದು ಆಡಿತು. ವೆಂಕಟಲಕ್ಷ್ಮಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಅವಳ ಮುಖದಲ್ಲಿ ಒಂದು ನಿರಾಳ ಬಂದು ಹೋದದ್ದನ್ನು ಮಂಗಳಮ್ಮ ಕಂಡಳು.

ಶಿವಸ್ವಾಮಿ ಹುಡುಗನನ್ನು ಕರೆದುಕೊಂಡು ಛತ್ರದಲ್ಲಿ ಉಳಿಯಲು ಹೋದ ಮೇಲೆ ಮಂಗಳಮ್ಮ ಅಣ್ಣನ ಮುಂದೆ ಬಂದು ಕುಳಿತಳು. ಒಂದೂವರೆ ವರ್ಷ ಮಗುವಿನ ಮುಂದೆ ನುಂಗಿಕೊಂಡ ಮಾತು ಅಣ್ಣನ ಮುಂದೆ ಬಾಯಿಗೆ ಬಂತು.

"ಅಣ್ಣಯ್ಯ, ನನ್ನ ಅಲ್ಲಿಗೆ ಕಳಿಸಬೇಡ. ಆ ಕೋಣೆ ನೆನೆಸಿಕೊಂಡರೆ ನನಗೆ ಉಸಿರು ಕಟ್ಟತ್ತೆ. ಇಲ್ಲಿ ಹಿತ್ತಲಲ್ಲಿ ಬಿದ್ದಿರ್ತೀನಿ. ಒಪ್ಪತ್ತು ಊಟ ಹಾಕು ಸಾಕು. ಪುಟ್ಟಿಯಿಂದ ದೂರ ಮಾಡಬೇಡ."

ಸುಬ್ಬನರಸಯ್ಯ ನಶ್ಯದ ಡಬ್ಬಿ ತೆಗೆದ, ಮುಚ್ಚಿದ. "ನಾನೇನು ಮಾಡ್ಲಿ ಮಂಗಳಾ? ನೀನು ಆ ಮನೆ ಸೊಸೆ. ಅವರು ಕರೆದರೆ ಇಲ್ಲ ಅನ್ನೋಕೆ ನನಗೆ ಬಾಯಿ ಎಲ್ಲಿದೆ?" ಎಂದ.

ಮಾತು ಮಗುವಿನ ಕಿವಿಗೂ ಬಿತ್ತು. ರಾತ್ರಿ ಊಟ ಬಿಟ್ಟಿತು. ಮರುದಿನ ಮೈ ಸುಡುತ್ತಿತ್ತು. "ಅತ್ತೆ ಹೋಗ್ಬಾರ್ದು" ಎಂಬುದೊಂದೇ ಮಾತು. ವೆಂಕಟಲಕ್ಷ್ಮಿ ಬೈದಳು, ಹೊಡೆದಳು, ಕೊನೆಗೆ ಹೆದರಿ ತಾನೇ ಅಳತೊಡಗಿದಳು. ಹೋದ ಎರಡು ಕೂಸುಗಳ ಮೈಯೂ ಹೀಗೆಯೇ ಸುಟ್ಟಿತ್ತು.

ಅದನ್ನು ನೋಡಿ ಸುಬ್ಬನರಸಯ್ಯನಿಗೆ ಜೀವಮಾನದಲ್ಲಿ ಮೊದಲ ಸಲ ಒಂದು ಉಪಾಯ ಹೊಳೆಯಿತು. ಮಂಗಳವಾರ ಸಂಜೆ ತಂಗಿಯನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಹೇಳಿದ. "ನೋಡು, ನಾಳೆ ಗಾಡಿ ಹೊರಡೋ ಹೊತ್ತಿಗೆ ಮಗು ರಂಪ ಮಾಡೇ ಮಾಡತ್ತೆ. ಮಾಡ್ಲಿ. ಮಗು ಜೀವಕ್ಕೇ ಬಂದಿದೆ, ಒಂದು ವರ್ಷ ಬಿಟ್ಟು ನೋಡೋಣ ಅಂತ ನಾನು ಅಂತೀನಿ. ನಾಲ್ಕು ಜನದ ಮುಂದೆ ಮಗು ಅಳ್ತಾ ಇದ್ರೆ ಆತನೂ ಬಾಯಿಬಿಡೋ ಹಾಗಿಲ್ಲ. ಒಂದು ವರ್ಷದಲ್ಲಿ ಆತ ಇನ್ನೊಂದು ಮದುವೆ ಮಾಡ್ಕೋತಾನೆ, ನೀನು ಉಳ್ಕೋತೀಯ. ನೀನು ಮಾತ್ರ ಅವಳನ್ನ ಸಮಾಧಾನ ಮಾಡೋಕೆ ಹೋಗಬೇಡ. ಬಾಯಿ ಮುಚ್ಕೊಂಡು ಕೂತಿರು. ತಿಳೀತೇ?"

ಮಂಗಳಮ್ಮನಿಗೆ ತಿಳಿಯಿತು. ಜೀವನದಲ್ಲಿ ಕೇಳಿದ ಸಾವಿರ ಬೇಡಗಳಲ್ಲಿ ಇದೊಂದನ್ನು ಅವಳು ಮನಸಾರೆ ಒಪ್ಪಿಕೊಂಡಳು. ಬಾಯಿ ಮುಚ್ಚಿಕೊಂಡಿರುವುದು ಅವಳಿಗೇನು ಹೊಸ ವಿದ್ಯೆಯೇ?

ಬುಧವಾರ ಬೆಳಿಗ್ಗೆ ಕೆಂಪಾಜಮ್ಮನ ಗಂಡ ಜವರಯ್ಯನ ಗಾಡಿ ಬಂದು ನಿಂತಿತು. ಬಾಡಿಗೆಗೆ ಅವನೇ ಸಿಕ್ಕಿದ್ದ. ಶಿವಸ್ವಾಮಿ ಪ್ರಹ್ಲಾದನನ್ನು ಮುಂದೆ ಕೂರಿಸಿಕೊಂಡು ಕುಳಿತ. ಪ್ರಯಾಣಕ್ಕೆ ಹೊರಟವರಿಗೆ ಬೋಳುತಲೆಯ ಹೆಂಗಸು ಎದುರಾದರೆ ಕೆಲಸ ಕೆಡುತ್ತದೆ ಎನ್ನುತ್ತಾರೆ. ಅವಳೇ ಗಾಡಿಯೊಳಗೆ ಕುಳಿತರೆ ಏನೂ ಆಗುವುದಿಲ್ಲವೆಂದು ಕಾಣುತ್ತದೆ. ಮಂಗಳಮ್ಮ ತಗಡಿನ ಪೆಟ್ಟಿಗೆ ಒತ್ತರಿಸಿಕೊಂಡು ಹಿಂದೆ ಕುಳಿತಳು. ಬೀದಿಯವರೆಲ್ಲ ಜಗಲಿಗೆ ಬಂದಿದ್ದರು.

ಎಣಿಸಿದಂತೆಯೇ ಪುಟ್ಟಲಕ್ಷ್ಮಿ ಮನೆಯೊಳಗಿನಿಂದ ಬಾಣದಂತೆ ಬಂತು. ಬಂದದ್ದೇ ಗಾಡಿಯ ಚಕ್ರವನ್ನು ತಬ್ಬಿತು. ಅಳು ಕೇಳಿ ಜಗಲಿಯ ಮೇಲಿದ್ದ ಮುದುಕಿಯರು ಕಣ್ಣೊರೆಸಿಕೊಂಡರು. "ಹಿಡೀಬೇಡ್ವೇ! ಅಳ್ಬೇಡ! ಒಳಗೆ ನಡೀತೀಯೋ ಇಲ್ವೋ!" ಎಂದು ವೆಂಕಟಲಕ್ಷ್ಮಿ ಓಡಿಬಂದಳು. ಬೇಡ ಎಂದಷ್ಟೂ ಮಗು ಒತ್ತಿ ಹಿಡಿಯಿತು. ಎರಡು ಕಡ್ಡಿಗಳ ನಡುವೆ ತೋಳು ತೂರಿಸಿ, ಭುಜದವರೆಗೆ ಒಳಗೆ ಹಾಕಿ, ಕೆನ್ನೆಯನ್ನು ಚಕ್ರಕ್ಕೆ ಒತ್ತಿಕೊಂಡಿತು.

ಮಂಗಳಮ್ಮ ಹಲ್ಲು ಕಚ್ಚಿ ಕುಳಿತಳು. ಅಳು, ಕಂದ, ಅಳು, ಇನ್ನೂ ಜೋರಾಗಿ ಅಳು ಎಂದು ಒಳಗೇ ಬೇಡಿಕೊಂಡಳು. ಮಗುವಿನ ಅಳುವನ್ನು ಅವಳು ಹಿಂದೆಂದೂ ಹಾಗೆ ಬಯಸಿರಲಿಲ್ಲ. ಅದಕ್ಕೆ ನಾಚಿಕೆಯೂ ಆಯಿತು. ಆದರೂ ಬಾಯಿ ಬಿಡಲಿಲ್ಲ.

"ಇದೇನ್ರೀ ಇದು?" ಎಂದು ಶಿವಸ್ವಾಮಿ ಮುಜುಗರದಿಂದ ಹಿಂದಕ್ಕೆ ತಿರುಗಿದ. "ಮಗ ಐತೆ ಸೋಮಿ, ಎಂಗೆ ಒಡೀಲಿ?" ಎಂದು ಜವರಯ್ಯ ಹಗ್ಗ ಬಿಗಿಹಿಡಿದು ಕುಳಿತ. ಸುಬ್ಬನರಸಯ್ಯ ಜಗಲಿ ಇಳಿದು ಬಂದ. ಮೇಲುಹೊದಿಕೆ ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಂಡ. "ಶಿವಸ್ವಾಮಿಗಳೇ, ನೋಡಿ, ಈ ಮಗು..." ಎಂದು ಶುರುಮಾಡಿದ. ಶಿವಸ್ವಾಮಿಯ ಮುಖ ಆಗಲೇ ಸಡಿಲವಾಗಿತ್ತು. ಇನ್ನೊಂದು ಮಾತು, ಅಷ್ಟೇ ಬೇಕಾಗಿತ್ತು.

ಆಗ ಸ್ಟೇಷನ್ನಿನ ಕಡೆಯಿಂದ ಮೈಸೂರು ರೈಲು ಕೂಗಿತು. ಬಲಗಡೆಯ ಎತ್ತು ಬೆಚ್ಚಿ ಮೂಗುದಾರ ಕಿತ್ತುಕೊಳ್ಳುವಂತೆ ತಲೆ ಒದರಿತು. ಗಾಡಿ ಒಂದು ಗೇಣು ಮುಂದೆ ಸರಿಯಿತು. ಮಗುವಿನ ತೋಳು ಕಡ್ಡಿಯ ನಡುವೆಯೇ ಇತ್ತು.

"ಬೇಡ್ವೇ! ಬಿಡೇ! ಅಯ್ಯಯ್ಯೋ!" ಬೀದಿಯೇ ಕೂಗಿತು. ಜವರಯ್ಯ "ಓ ಓ ಓ" ಎಂದು ಹಗ್ಗಕ್ಕೆ ಜೋತುಬಿದ್ದ. ಮಗು ಕಣ್ಣು ಮುಚ್ಚಿ ಇನ್ನೂ ಬಲವಾಗಿ ತಬ್ಬಿಕೊಂಡಿತು. ಎತ್ತು ಮತ್ತೆ ಹೆಜ್ಜೆ ಎತ್ತಿತು.

"ಪುಟ್ಟೀ."

ಮಂಗಳಮ್ಮ ಕೂಗಲಿಲ್ಲ. ದಿನಾ ಕರೆಯುವ ಹಾಗೆಯೇ ಕರೆದಳು. ಮಗು ಕಣ್ಣು ತೆರೆಯಿತು.

"ಓಡಿಹೋಗಿ ಅಮ್ಮನ ಸೆರಗು ಹಿಡ್ಕೊ. ಗಟ್ಟಿಯಾಗಿ."

ಮಗು ತೋಳು ಎಳೆದುಕೊಂಡಿತು. ಓಡಿತು. ತಾಯಿಯ ಸೆರಗನ್ನು ಎರಡು ಮುಷ್ಟಿಯಲ್ಲಿ ಹಿಡಿಯಿತು. ಅದರ ಬೆನ್ನ ಹಿಂದೆಯೇ ಚಕ್ರ ಅರ್ಧ ಸುತ್ತು ಉರುಳಿತು.

ಬೀದಿಯಲ್ಲಿ ಎಲ್ಲರೂ ಉಸಿರು ಬಿಟ್ಟರು. ವೆಂಕಟಲಕ್ಷ್ಮಿ ಮಗುವಿನ ತಲೆಯ ಮೇಲೆ ಕೈಯಿಟ್ಟಳು. ಹೊಡೆಯಲಿಲ್ಲ. ಮಗು ಅಳುತ್ತಲೂ ಇರಲಿಲ್ಲ. ಅತ್ತೆ ಹೇಳಿದ್ದನ್ನು ಮಾಡುವಾಗ ಅದು ಯಾವತ್ತೂ ಅಳುತ್ತಿರಲಿಲ್ಲ.

"ನೋಡಿದ್ರಾ, ಎಷ್ಟು ಚೆನ್ನಾಗಿ ಒಪ್ಪಿಕೊಂಡಿತು ಮಗು! ನಾನೇ ಸುಮ್ಮನೆ ಹೆದರಿದ್ದೆ" ಎಂದ ಶಿವಸ್ವಾಮಿ. ಸುಬ್ಬನರಸಯ್ಯ ತಂಗಿಯ ಮುಖ ನೋಡಿದ. ತೆರೆದ ಬಾಯಿ ಮುಚ್ಚಿಕೊಂಡ. ಅವನ ತಲೆ ತನಗೆ ತಾನೇ ಆಡಿತು.

ಗಾಡಿ ಹೊರಟಿತು. ಮಂಗಳಮ್ಮ ಹಿಂದಕ್ಕೆ ಮುಖ ಮಾಡಿ ಕುಳಿತಿದ್ದಳು. ಬೀದಿಯ ನಡುವೆ ಪುಟ್ಟಲಕ್ಷ್ಮಿ ಸೆರಗು ಹಿಡಿದು ನೆಟ್ಟಗೆ ನಿಂತಿತ್ತು, ಒಂದು ಹೆಜ್ಜೆಯೂ ಅತ್ತಿತ್ತ ಆಗಲಿಲ್ಲ. ಹೇಳಿದ್ದನ್ನು ಸರಿಯಾಗಿ ಮಾಡಿದ್ದೇನೆ ನೋಡು ಎನ್ನುವಂತೆ ಮುಷ್ಟಿ ಎತ್ತಿ ಸೆರಗನ್ನು ತೋರಿಸಿತು. ಆಮೇಲೆ ಏನು ಮಾಡಬೇಕೆಂದು ಅತ್ತೆ ಹೇಳಲೆಂದು ಅವಳ ಬಾಯನ್ನೇ ನೋಡುತ್ತ ಕಾದಿತು. ಗಾಡಿ ಹೊಳೆಯ ಕಡೆ ತಿರುಗುವವರೆಗೂ ಕಾಯುತ್ತಲೇ ಇತ್ತು. ಮಂಗಳಮ್ಮನಿಗೆ ಹೇಳಲು ಒಂದು ಮಾತೂ ಸಿಕ್ಕಲಿಲ್ಲ.